ಚಳಿಗಾಲದ ಬೇಲಿ, ಚಳಿಗಾಲದ ಕೊಟ್ಟಿಗೆ
ಹಿಂಗಾರು ಮುಗಿದರೂ ಮಣ್ಣಿನಲ್ಲಿ ತೇವ ಉಳಿದಿರುವ ಡಿಸೆಂಬರ್ ಮೊದಲ ವಾರಗಳಲ್ಲೇ ಬೇಲಿಯ ಗುಂಡಿಗಳನ್ನು ತೋಡಿಬಿಡಬೇಕು. ಸಂಕ್ರಾಂತಿ ಕಳೆದರೆ ಬಯಲುಸೀಮೆಯ ಕೆಂಪು ನೆಲ ಹಾರೆಗೂ ಬಗ್ಗುವುದಿಲ್ಲ. 7 ಅಡಿಯ ಕಲ್ಲುಕಂಬಗಳನ್ನು 8ರಿಂದ 10 ಅಡಿಗೊಂದರಂತೆ 2 ಅಡಿ ಆಳಕ್ಕೆ ಹೂಳಬೇಕು. ತಂತಿಯ ಬಿಗಿತವೆಲ್ಲ ಮೂಲೆಯ ಕಂಬಗಳ ಮೇಲೆಯೇ ಬೀಳುವುದರಿಂದ, ತಂತಿ ಎಳೆಯುವ ಮೊದಲೇ ಅವುಗಳಿಗೆ ಓರೆಯಾಗಿ ಆಸರೆಗಲ್ಲು ಕೊಡಬೇಕು. ಮೇಕೆಗಳಿದ್ದರೆ ಮುಳ್ಳುತಂತಿಯೊಂದೇ ಸಾಲದು, ಕೆಳಭಾಗಕ್ಕೆ ಜಾಲರಿ ಬೇಕೇ ಬೇಕು.

ಕೊಟ್ಟಿಗೆಗೆ ಮೂಡಣ ಗಾಳಿ ನುಗ್ಗದಂತೆ ಗೋಣಿತಟ್ಟು ಇಳಿಬಿಡಬೇಕು, ಆದರೆ ಸೂರಿನಡಿಯ ಕಿಂಡಿಗಳನ್ನು ಮುಚ್ಚಬಾರದು. ಗಂಜಲದ ಘಾಟು ಒಳಗೇ ನಿಂತರೆ ಕರುಗಳ ಶ್ವಾಸಕೋಶಕ್ಕೆ ಚಳಿಗಿಂತ ಅದೇ ಹೆಚ್ಚು ಕೇಡು ಮಾಡೀತು. ಒದ್ದೆಯಾದ ಹುಲ್ಲುಹಾಸನ್ನು ಸಂಜೆಯೇ ಬದಲಿಸಬೇಕು. ಜಂತುಹುಳುಗಳ ಮರಿಗಳು ಒದ್ದೆ ಹುಲ್ಲಿನ ಮೇಲೇರಿರುವುದರಿಂದ, ಇಬ್ಬನಿ ಆರುವ ತನಕ ಕುರಿ-ಮೇಕೆಗಳನ್ನು ಮೇಯಲು ಬಿಡಬಾರದು.