ಪ್ಲಿಂತ್, ಕವರ್, ಕ್ಯೂರಿಂಗ್: ಸೈಟಿನ ಮಾತುಗಳ ಅರ್ಥ

ಪಾಯ ಮಣ್ಣಿನೊಳಗೆ ಮುಚ್ಚಿಹೋಗುತ್ತದೆ. ಹೊರಗಿನ ನೆಲದಿಂದ ಮನೆಯೊಳಗಿನ ನೆಲದ ಮಟ್ಟದವರೆಗೆ ಕಣ್ಣಿಗೆ ಕಾಣುವ ಭಾಗವೇ ಪ್ಲಿಂತ್. ಆ ಮಟ್ಟದಲ್ಲಿ ಗೋಡೆಯ ಪೂರ್ತಿ ಅಗಲಕ್ಕೆ ಹಾಕುವ ತೆಳು ಕಾಂಕ್ರೀಟ್ ಪದರಕ್ಕೆ ಡಿಪಿಸಿ (ಡ್ಯಾಂಪ್ ಪ್ರೂಫ್ ಕೋರ್ಸ್) ಎನ್ನುತ್ತಾರೆ. ನೆಲದ ತೇವ ಮೇಲೇರದಂತೆ ತಡೆಯುವುದು ಇದೇ. ಇದನ್ನು ಬಿಟ್ಟರೆ ಎಷ್ಟು ಸಲ ಪುಟ್ಟಿ ಬಳಿದರೂ ಗೋಡೆಯ ಬುಡದಲ್ಲಿ ಬಣ್ಣ ಉದುರುತ್ತಲೇ ಇರುತ್ತದೆ. ಕಿಟಕಿಯ ಕೆಳಗಿನ ಅಂಚು ಸಿಲ್, ಮೇಲಿನ ತೊಲೆ ಲಿಂಟಲ್. ಲಿಂಟಲ್ ಎರಡೂ ಬದಿ ಗೋಡೆಯ ಮೇಲೆ 15 ಸೆಂ.ಮೀ.ಯಾದರೂ ಕೂರಬೇಕು.

ಹೆಚ್ಚು ಎಡವಟ್ಟಾಗುವುದು ಕವರ್ ವಿಷಯದಲ್ಲಿ. ಕವರ್ ಎಂದರೆ ಕಾಂಕ್ರೀಟಿನ ಹೊರಮೈಗೂ ಒಳಗಿನ ಕಂಬಿಗೂ ನಡುವೆ ಇರುವ ಕಾಂಕ್ರೀಟಿನ ದಪ್ಪ. ಸಾಮಾನ್ಯವಾಗಿ ಸ್ಲ್ಯಾಬಿಗೆ 20 ಮಿ.ಮೀ., ಬೀಮಿಗೆ 25, ಕಾಲಮ್ಮಿಗೆ 40, ಕಾಲಮ್ಮಿನ ಬುಡದ ಅಗಲ ಪಾದವಾದ ಫೂಟಿಂಗಿಗೆ 50. ಅಳೆಯಬೇಕಾದ್ದು ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗಿನ ಹೊರಮೈಯಿಂದ, ಒಳಗಿನ ದಪ್ಪ ಕಂಬಿಯಿಂದಲ್ಲ. ಕವರ್ ಕಡಿಮೆಯಾದರೆ ತೇವವೂ ಗಾಳಿಯೂ ಬೇಗ ಕಂಬಿ ಮುಟ್ಟುತ್ತವೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಸೂರಿನಿಂದ ಚಕ್ಕೆ ಬಿದ್ದು ಕೆಂಪು ಕಂಬಿ ಕಾಣುವುದು ಹೀಗೆಯೇ. ಕಂಬಿಯ ಕೆಳಗೆ ಜಲ್ಲಿಕಲ್ಲು ತುರುಕುವ ಅಭ್ಯಾಸ ಬೇಡ, ಒಬ್ಬರು ಕಾಲಿಟ್ಟರೆ ಅದು ಜಾರಿಹೋಗುತ್ತದೆ. ಅಳತೆಯ ಕವರ್ ಬ್ಲಾಕನ್ನೇ ಕಟ್ಟಿಸಿ. ಸ್ಲ್ಯಾಬಿನ ಮೇಲ್ಕಂಬಿಯನ್ನು ಎತ್ತಿ ಹಿಡಿಯಲು ಚೇರ್ (ಬಗ್ಗಿಸಿದ ಕಂಬಿಯ ಆಸರೆ) ಇರಲಿ, ಇಲ್ಲವಾದರೆ ಕಾಂಕ್ರೀಟ್ ಸುರಿಯುವವರ ಓಡಾಟಕ್ಕೆ ಅದು ಕುಸಿಯುತ್ತದೆ.

ಎಂ20 ಎಂದರೆ 28 ದಿನಕ್ಕೆ ಪ್ರತಿ ಚದರ ಮಿ.ಮೀ.ಗೆ 20 ನ್ಯೂಟನ್ ಒತ್ತಡ ತಡೆಯಬೇಕಾದ ಕಾಂಕ್ರೀಟ್. ರೂಢಿಯ ಪ್ರಮಾಣ 1 ಸಿಮೆಂಟ್, 1.5 ಮರಳು, 3 ಜಲ್ಲಿ. 50 ಕೆ.ಜಿ. ಚೀಲಕ್ಕೆ 25 ಲೀಟರ್ ಆಸುಪಾಸು ನೀರು, ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಸಲೀಸಾಗಿ ಹರಿಯಲಿ ಎಂದು ಪೈಪು ಹಿಡಿದು ನೀರು ಬಿಟ್ಟರೆ ಎಂ20 ಹೆಸರಿಗಷ್ಟೇ ಉಳಿಯುತ್ತದೆ.

ಸೆಂಟ್ರಿಂಗ್ ಎಂದರೆ ಹಸಿ ಕಾಂಕ್ರೀಟನ್ನು ಹಿಡಿದಿಡುವ ಹಲಗೆ, ತಗಡು, ಆಸರೆಗಳ ಒಟ್ಟು ಹೆಸರು. ಸಂದಿನಿಂದ ಸಿಮೆಂಟ್ ಹಾಲು ಸೋರಿದರೆ, ಅಥವಾ ಹಸಿ ಕಾಂಕ್ರೀಟನ್ನು ಅದುರಿಸಿ ಒತ್ತಾಗಿ ಕೂರಿಸುವ ವೈಬ್ರೇಟರ್ ಸರಿಯಾಗಿ ಇಳಿಸದಿದ್ದರೆ, ಜಲ್ಲಿ ಜೇನುಗೂಡಿನಂತೆ ಟೊಳ್ಳುಟೊಳ್ಳಾಗಿ ಕಾಣುತ್ತದೆ. ಇದೇ ಹನಿಕೋಂಬ್. ಇದನ್ನು ಗಾರೆ ಬಳಿದು ಮುಚ್ಚುವುದು ಮೋಸ. ಸಡಿಲ ಭಾಗ ಕೆತ್ತಿ, ತೊಳೆದು, ಕುಗ್ಗದ ಗ್ರೌಟ್ (ಟೊಳ್ಳಿಗೆ ಹರಿದು ತುಂಬುವ ಸಿಮೆಂಟ್ ಮಿಶ್ರಣ) ತುಂಬಬೇಕು. ಟೊಳ್ಳು ಕಂಬಿಯಾಚೆಗೂ ಹೋಗಿದ್ದರೆ ಎಂಜಿನಿಯರ್ ನೋಡದೆ ಕೈಹಾಕಬೇಡಿ.

ಕ್ಯೂರಿಂಗ್ ಎಂದರೆ ದಿನಕ್ಕೆರಡು ಸಲ ನೀರು ಚಿಮುಕಿಸುವುದಲ್ಲ, ಮೈ ಒಣಗಲು ಬಿಡದಿರುವುದು. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಬೂದಿ ಬೆರೆತ ಸಿಮೆಂಟಿಗೆ 10. ಸ್ಲ್ಯಾಬಿಗೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿ, ಕಾಲಮ್ಮಿಗೆ ಗೋಣಿ ಸುತ್ತಿ ನೆನೆಸಿ.

ಆಸರೆ ಬಿಚ್ಚುವಾಗ ಸ್ಲ್ಯಾಬಿನಲ್ಲಿ ನಡುವಿನಿಂದ ಗೋಡೆಯತ್ತ ಸಾಗಿ. ಸಜ್ಜಾದಲ್ಲಿ ಮಾತ್ರ ಹೊರತುದಿಯಿಂದ ಶುರುಮಾಡಿ ಗೋಡೆಯತ್ತ ಬನ್ನಿ.