ಮಾಲು ದಾರಿಯಲ್ಲಿ ಹಾಳಾದರೆ ನಷ್ಟ ಯಾರದು? ಆರ್ಡರ್ ಒಪ್ಪುವ ಮುನ್ನ ಬರೆದುಕೊಳ್ಳಬೇಕಾದದ್ದು

ಬೆಳಗಾವಿಯ ಉದ್ಯಮಬಾಗ್‌ನಿಂದ ಕಾಸ್ಟಿಂಗ್ (ಎರಕ ಹೊಯ್ದ ಕಬ್ಬಿಣದ ಮಾಲು) ತುಂಬಿದ ಕಂಟೇನರ್ ಜರ್ಮನಿಗೆ ಹೊರಟಿದೆ ಎನ್ನಿ. ಕೊಟೇಶನ್‌ನಲ್ಲಿ ದರದ ಪಕ್ಕ ‘ಎಫ್‌ಒಬಿ ನ್ಹಾವಾ ಶೇವಾ’ ಎಂದಿದೆ, ಅಂದರೆ ಮುಂಬೈ ಬಳಿಯ ಆ ಬಂದರಿನಲ್ಲಿ ಹಡಗಿಗೆ ಏರಿಸಿಕೊಡುವ ದರ (ಫ್ರೀ ಆನ್ ಬೋರ್ಡ್). ಬಂದರಿನ ಯಾರ್ಡ್‌ನಲ್ಲಿ ಕ್ರೇನ್‌ನಿಂದ ಕಂಟೇನರ್ ಬಿದ್ದರೆ ನಷ್ಟ ಮಾರಿದವರದೇ. ಎಫ್‌ಒಬಿಯಲ್ಲಿ ಮಾಲು ಹಡಗು ಏರುವವರೆಗೆ ರಿಸ್ಕ್ ಕೊಳ್ಳುವವರಿಗೆ ದಾಟುವುದಿಲ್ಲ.

ಹೀಗಾಗಿ ಮೊದಲು ನೋಡಬೇಕಾದದ್ದು ಮಾಲು ಹೋಗುವ ಬಗೆ. ಮಾಲು ಒಪ್ಪಿಸುವ ಅಂತರರಾಷ್ಟ್ರೀಯ ನಿಯಮಗಳಾದ ‘ಇನ್‌ಕೋಟರ್ಮ್ಸ್ 2020’ರಲ್ಲಿರುವ 11 ಷರತ್ತುಗಳ ಪೈಕಿ ಎಫ್‌ಎಎಸ್ (ಹಡಗಿನ ಪಕ್ಕದವರೆಗೆ), ಎಫ್‌ಒಬಿ, ಸಿಎಫ್‌ಆರ್ (ಹಡಗಿನ ಬಾಡಿಗೆ ಸೇರಿ), ಸಿಐಎಫ್ (ಬಾಡಿಗೆ, ವಿಮೆ ಸೇರಿ) ನಾಲ್ಕೂ ಜಲಸಾರಿಗೆಗೆ ಮಾತ್ರ. ಕಂಟೇನರನ್ನು ನಾವು ಒಪ್ಪಿಸುವುದು ಟರ್ಮಿನಲ್‌ಗೆ, ಹಡಗಿಗಲ್ಲ. ಆದ್ದರಿಂದ ಕಂಟೇನರ್ ಮಾಲಿಗೆ ಎಫ್‌ಸಿಎ (ಗೊತ್ತುಮಾಡಿದ ಜಾಗದಲ್ಲಿ ಕೊಳ್ಳುವವರ ಸಾಗಣೆದಾರರಿಗೆ ಒಪ್ಪಿಸುವ ಷರತ್ತು) ಬರೆಯುವುದೇ ಸರಿ. ರೂಢಿಯ ಬಲದಿಂದ ಎಲ್ಲರೂ ಎಫ್‌ಒಬಿಯನ್ನೇ ಬರೆಯುತ್ತಾರೆ, ಆ ಮಾತು ಬೇರೆ. ಎಕ್ಸ್-ವರ್ಕ್ಸ್ (ಕಾರ್ಖಾನೆಯಲ್ಲೇ ಮಾಲು ಒಪ್ಪಿಸುವುದು) ಸುಲಭವೆಂದು ಕಂಡರೂ ರಫ್ತಿಗೆ ಒಗ್ಗದು. ಅದರಲ್ಲಿ ಕಸ್ಟಮ್ಸ್ ಕೆಲಸವೂ ಕೊಳ್ಳುವವರ ಮೇಲೆ ಬೀಳುತ್ತದೆ. ವಿದೇಶಿ ಪಾರ್ಟಿ ಇಲ್ಲಿ ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಕೊಡುವ ರಫ್ತು ಘೋಷಣೆ) ಹಾಕಲಾರದು.

ಎರಡನೆಯದು ಜಾಗ. ‘ಎಫ್‌ಸಿಎ ಬೆಳಗಾವಿ’ ಎಂದಷ್ಟೇ ಬರೆದರೆ ಸಾಲದು, ಪೂರ್ತಿ ವಿಳಾಸ ಹಾಕಿ. ಜಾಗ ನಿಮ್ಮ ಕಾರ್ಖಾನೆಯಾದರೆ, ಕೊಳ್ಳುವವರು ಕಳಿಸಿದ ಗಾಡಿಗೆ ನೀವು ಮಾಲು ಏರಿಸಿದಾಗ ರಿಸ್ಕ್ ದಾಟುತ್ತದೆ. ಬಂದರಿನ ಬಳಿಯ ಕಂಟೇನರ್ ಸ್ಟೇಷನ್ ಆದರೆ, ನಿಮ್ಮ ಗಾಡಿ ಅಲ್ಲಿ ಇಳಿಸಲು ಸಿದ್ಧವಾಗಿ ನಿಂತಾಗ. ಇಳಿಸುವ ಕೆಲಸ ನಿಮ್ಮದಲ್ಲ. ಎಲ್‌ಸಿ (ಹಣಕ್ಕೆ ಬ್ಯಾಂಕ್ ಕೊಡುವ ಖಾತರಿ ಪತ್ರ) ವ್ಯವಹಾರವಿದ್ದರೆ ಬ್ಯಾಂಕ್ ‘ಆನ್ ಬೋರ್ಡ್’ (ಮಾಲು ಹಡಗು ಏರಿದೆ) ಎಂಬ ಗುರುತಿರುವ ಬಿಎಲ್ (ಬಿಲ್ ಆಫ್ ಲೇಡಿಂಗ್, ಹಡಗು ಕಂಪನಿ ಕೊಡುವ ಸಾಗಣೆ ಪತ್ರ) ಕೇಳಬಹುದು. ಅದನ್ನು ಕೊಡುವಂತೆ ಹಡಗು ಕಂಪನಿಗೆ ಕೊಳ್ಳುವವರೇ ಸೂಚಿಸಬೇಕೆಂಬ ಸಾಲನ್ನು ಕರಾರಿನಲ್ಲಿ ಸೇರಿಸಿಕೊಳ್ಳಿ. 2020ರ ಎಫ್‌ಸಿಎ ನಿಯಮದಲ್ಲಿ ಇದಕ್ಕೆ ಅವಕಾಶವಿದೆ.

ವಿಮೆಯ ವಿಷಯದಲ್ಲೇ ಹೆಚ್ಚು ಜಗಳ. ಸಿಐಎಫ್‌ನಲ್ಲಿ ಹಡಗಿನ ಬಾಡಿಗೆ, ವಿಮೆ ಎರಡನ್ನೂ ಕಟ್ಟುವವರು ಮಾರುವವರು, ಆದರೆ ರಿಸ್ಕ್ ಮಾಲು ಹಡಗು ಏರಿದಾಗಲೇ ಕೊಳ್ಳುವವರದು. ಕಡ್ಡಾಯವಿರುವುದು ಕರಾರಿನ ಬೆಲೆಯ 110% ಮೊತ್ತಕ್ಕೆ ಕನಿಷ್ಠ ‘ಸಿ’ ಕ್ಲಾಸ್ (ಕೆಲವೇ ಅಪಾಯಗಳಿಗೆ ಪರಿಹಾರ ಕೊಡುವ) ವಿಮೆ ಮಾತ್ರ. ಅದರಲ್ಲಿ ಕಳವಿಗಾಗಲಿ, ಕಂಟೇನರಿಗೆ ನೀರು ನುಗ್ಗಿ ಹಿಡಿದ ತುಕ್ಕಿಗಾಗಲಿ ಪರಿಹಾರವಿಲ್ಲ. ಕಬ್ಬಿಣದ ಮಾಲಿಗೆ ಹೆಚ್ಚಿನ ರಕ್ಷಣೆಯ ‘ಎ’ ಕ್ಲಾಸ್ ಬೇಕೆಂದು ಕೊಳ್ಳುವವರು ಮೊದಲೇ ಬರೆಸಬೇಕು. ಯಾವ ಬಗೆಯ ಸಾಗಣೆಗೂ ಒಪ್ಪುವ, ಬಾಡಿಗೆ ಮತ್ತು ವಿಮೆ ಸೇರಿದ ಷರತ್ತಾದ ಸಿಐಪಿಯಲ್ಲಾದರೆ ‘ಎ’ ಮಟ್ಟದ ವಿಮೆ ತಾನಾಗಿಯೇ ಬರುತ್ತದೆ. ಪ್ಯಾಕಿಂಗ್ ಸರಿಯಿಲ್ಲದೆ ತುಕ್ಕು ಹಿಡಿದರೆ ‘ಎ’ ಕೂಡ ಕೈಹಿಡಿಯದು.

ಇಷ್ಟೆಲ್ಲ ಬರೆದರೂ ಮಾಲಕತ್ವದ ಮಾತೇ ಬಂದಿಲ್ಲ! ಇನ್‌ಕೋಟರ್ಮ್ಸ್ ಅದನ್ನು ಮುಟ್ಟುವುದೇ ಇಲ್ಲ. ಕರಾರು ಭಾರತದ ಕಾನೂನಿಗೆ ಒಳಪಟ್ಟಿದ್ದರೆ 1930ರ ಸರಕು ಮಾರಾಟ ಕಾಯ್ದೆ ಅನ್ವಯಿಸುತ್ತದೆ. ಬಿಎಲ್ ಅನ್ನು ಮಾರುವವರ ಆರ್ಡರ್‌ಗೆ (ಅವರು ಹೇಳಿದವರಿಗೆ ಮಾಲು ಕೊಡುವಂತೆ) ಮಾಡಿಸಿದರೆ, 25ನೇ ಕಲಮಿನಂತೆ ಮಾಲಿನ ಮೇಲಿನ ಹಕ್ಕನ್ನು ಅವರು ಕೈಯಲ್ಲೇ ಇಟ್ಟುಕೊಂಡಿದ್ದಾರೆಂದು ಮೇಲ್ನೋಟಕ್ಕೆ ಭಾವಿಸಲಾಗುತ್ತದೆ. ಸಮುದ್ರದ ಮೇಲೆ ಮಾಲು ಮಾರುವವರದು, ರಿಸ್ಕ್ ಕೊಳ್ಳುವವರದು ಎಂಬ ಸ್ಥಿತಿ ಇದರಿಂದಲೇ ಬರುವುದು. ‘ಪೂರ್ಣ ಹಣ ಬರುವವರೆಗೆ ಮಾಲಕತ್ವ ಮಾರುವವರದು’ ಎಂದು ಪ್ರತ್ಯೇಕ ಸಾಲು ಹಾಕುವುದು ಇನ್ನೂ ಒಳ್ಳೆಯದು.

ವಿಜಯಪುರದ ಒಣದ್ರಾಕ್ಷಿ ದೆಹಲಿಗೆ ಹೋಗುವಾಗ ಬಿಲ್‌ನಲ್ಲಿ ‘ಎಫ್‌ಒಆರ್’ (ಫ್ರೀ ಆನ್ ರೈಲ್ ಅಥವಾ ರೋಡ್) ಇರುತ್ತದೆ. ಇದು ಇನ್‌ಕೋಟರ್ಮ್ಸ್‌ನ ಆ 11 ಷರತ್ತುಗಳಲ್ಲಿ ಇಲ್ಲ. ಬಾಡಿಗೆ ಯಾರದೆಂದು ಅದರಿಂದ ತಿಳಿಯಬಹುದು, ರಿಸ್ಕ್ ಯಾರದೆಂಬುದಕ್ಕೆ ಜಗಳವೇ ಗತಿ. ‘ಗೋಡೌನ್‌ನಲ್ಲಿ ಇಳಿಯುವವರೆಗೆ ರಿಸ್ಕ್ ಮಾರುವವರದು’ ಅಥವಾ ‘ಲಾರಿಗೆ ಏರಿದ ಮೇಲೆ ಕೊಳ್ಳುವವರದು’ ಎಂದು ಬಿಡಿಸಿ ಬರೆಯಿರಿ. ಲಾರಿಯಲ್ಲಿ ಮಾಲು ಕಳೆದರೆ ಅಥವಾ ಕೆಟ್ಟರೆ, ಬುಕಿಂಗ್ ದಿನದಿಂದ 180 ದಿನಗಳೊಳಗೆ ಟ್ರಾನ್ಸ್‌ಪೋರ್ಟ್ ಕಂಪನಿಗೆ ಲಿಖಿತ ನೋಟಿಸ್ ಮುಟ್ಟಿರಬೇಕು. ಇಲ್ಲದಿದ್ದರೆ ಅವರ ಮೇಲೆ ದಾವೆ ಹೂಡಲು ಬರುವುದಿಲ್ಲ.