ಸೀನಿದರೆ ಸೀರೆ ಒದ್ದೆಯಾಗುತ್ತಾ? ಬಿಗಿ ಹಿಡಿಯುವುದನ್ನು ಹೀಗೆ ಕಲಿಯಿರಿ

ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಎತ್ತುವಾಗ ನಾಲ್ಕು ಹನಿ ಮೂತ್ರ ಜಾರಿದರೆ ಹೆಂಗಸರು ಯಾರಿಗೂ ಹೇಳುವುದಿಲ್ಲ. ಬೆಂಗಳೂರಿನ ಬಸ್ಸು ಹತ್ತುವ ದಿನ ಬೆಳಿಗ್ಗೆಯಿಂದ ನೀರೇ ಮುಟ್ಟದಿರುವುದು ಅವರು ಕಂಡುಕೊಂಡ ಉಪಾಯ. ‘ಎರಡು ಹೆತ್ತ ಮೇಲೆ ಇದೆಲ್ಲ ಇದ್ದದ್ದೇ ಬಿಡಮ್ಮ’ ಅಂತ ಅತ್ತೆ ಸಮಾಧಾನ ಹೇಳಿ ಮುಗಿಸುತ್ತಾರೆ. ಆದರೆ ಎಷ್ಟೋ ಜನರಿಗೆ ವ್ಯಾಯಾಮದಿಂದಲೇ ಹತೋಟಿಗೆ ಬರುವ ತೊಂದರೆ ಇದು.

ಮೂತ್ರಕೋಶ, ಗರ್ಭಕೋಶ, ಗುದನಾಳವನ್ನು ಕೆಳಗಿನಿಂದ ಹೊತ್ತಿರುವುದು ಪೆಲ್ವಿಕ್ ಫ್ಲೋರ್ ಸ್ನಾಯುಗಳು. ಮಗುವಿಗೆ ಸೀರೆಯಲ್ಲಿ ಕಟ್ಟುವ ಜೋಲಿ ಇದ್ದಂತೆ. ಹೆರಿಗೆ, ಹಳೆಯ ಕೆಮ್ಮು, ಮಲಬದ್ಧತೆ, ಮುಟ್ಟು ನಿಲ್ಲುವುದು ಇವೆಲ್ಲ ಆ ಜೋಲಿಯನ್ನು ಜಗ್ಗಿಸುತ್ತವೆ. ಅದನ್ನು ಬಿಗಿ ಮಾಡುವ ವ್ಯಾಯಾಮದ ಬಗ್ಗೆ 1948ರಲ್ಲಿ ಬರೆದವರು ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗಲ್. ಇಂದಿಗೂ ಅದಕ್ಕೆ ಅವರದೇ ಹೆಸರು.

ಮೊದಲ ಕೆಲಸ ಸ್ನಾಯುವನ್ನು ಗುರುತಿಸುವುದು. ಹೆಚ್ಚಿನವರು ಎಡವುವುದೇ ಇಲ್ಲಿ. ಚಾಪೆಯ ಮೇಲೆ ಮಂಡಿ ಮಡಚಿ ಅಂಗಾತ ಮಲಗಿ. ನಾಲ್ಕು ಜನರ ನಡುವೆ ಹೂಸು ತಡೆಯುತ್ತೀರಲ್ಲ, ಹಾಗೆ ಹಿಂದಿನಿಂದ ಬಿಗಿಯಿರಿ. ಆ ಬಿಗಿತವನ್ನು ಮುಂದೆ ಮೂತ್ರದ ಜಾಗದವರೆಗೆ ತಂದು ಮೇಲಕ್ಕೆಳೆದುಕೊಳ್ಳಿ. ತಿಣುಕಿ ಕೆಳಕ್ಕೆ ಒತ್ತಿದಂತಾದರೆ ತಪ್ಪು. ತೊಡೆ, ಕುಂಡಿ ಸೆಟೆದರೂ ತಪ್ಪು. ಉಸಿರು ಕಟ್ಟದಿರಲು ಬಾಯಿಬಿಟ್ಟು ಎಣಿಸಿ. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡುವುದು ಬೇಡ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯಬಹುದು.

ಐದು ಎಣಿಸುವವರೆಗೆ ಬಿಗಿ, ಮತ್ತೆ ಐದು ಎಣಿಸುವವರೆಗೆ ಪೂರ್ತಿ ಸಡಿಲ. ಹೀಗೆ 8ರಿಂದ 10 ಸಲ, ದಿನಕ್ಕೆ ಮೂರು ಹೊತ್ತು. ನಿಧಾನವಾಗಿ ಹತ್ತರ ಎಣಿಕೆಗೆ ಏರಿಸಿ. ಮಲಗಿ ಮಾಡಿದ್ದು ಸಲೀಸಾದ ಮೇಲೆ ಕೂತು, ಆಮೇಲೆ ನಿಂತು. ರೇಷ್ಮೆ ಹುಳುವಿಗೆ ಸೊಪ್ಪು ಹಾಕುವ ಹೊತ್ತಿಗೆ ಗಂಟು ಹಾಕಿಕೊಂಡರೆ ಮರೆಯುವುದಿಲ್ಲ. ಮೂರು ತಿಂಗಳಾದರೂ ಮಾಡದೆ ‘ಏನೂ ಆಗಲಿಲ್ಲ’ ಅನ್ನಬೇಡಿ.

ಇನ್ನೊಂದು ಪಟ್ಟು ಇದೆ, ನನ್ನ ಮಟ್ಟಿಗೆ ಇದೇ ಹೆಚ್ಚು ಉಪಯೋಗದ್ದು. ಸೀನು ಬರುವ ಮುಂಚೆ, ಹಾಲಿನ ಕ್ಯಾನು ಎತ್ತುವ ಮುಂಚೆ ಒಂದು ಕ್ಷಣ ಬಿಗಿದುಕೊಳ್ಳಿ.

ಬಾಗಿಲ ಬೀಗ ತೆಗೆಯುವಷ್ಟರಲ್ಲಿ ತಡೆಯಲಾಗದಂಥ ಅವಸರ ನಿಮ್ಮದಾದರೆ ದಾರಿ ಬೇರೆ. ಓಡಬೇಡಿ. ನಿಂತು ನಾಲ್ಕೈದು ಸಲ ಬೇಗ ಬೇಗ ಬಿಗಿದು ಬಿಡಿ, ಅವಸರ ತಗ್ಗಿದ ಮೇಲೆ ಹೋಗಿ. ಒಮ್ಮೆ ಮೂತ್ರಕ್ಕೆ ಹೋಗಿ ಮತ್ತೊಮ್ಮೆ ಹೋಗುವ ನಡುವಿನ ಅಂತರವನ್ನು ಕೆಲವು ದಿನಕ್ಕೊಮ್ಮೆ 15 ನಿಮಿಷದಂತೆ ಹಿಗ್ಗಿಸಿ. ಟೀ, ಕಾಫಿ ಕಡಿಮೆ ಮಾಡಿ, ನೀರನ್ನಲ್ಲ. ಮೂತ್ರ ಗಟ್ಟಿಯಾದಷ್ಟೂ ಉರಿ, ಅವಸರ ಹೆಚ್ಚಬಹುದು.

ಗಂಡಸರಿಗೂ, ಮುಖ್ಯವಾಗಿ ಪ್ರಾಸ್ಟೇಟ್ ಆಪರೇಷನ್ ಆದವರಿಗೆ, ಇದೇ ವ್ಯಾಯಾಮ.

ಬಿಗಿದಾಗ ನೋವಾದರೆ ನಿಲ್ಲಿಸಿ. ಕೆಲವರ ಸ್ನಾಯು ಸಡಿಲವಲ್ಲ, ಅತಿ ಬಿಗಿ. ಅವರು ಕಲಿಯಬೇಕಾದ್ದು ಸಡಿಲಿಸುವುದನ್ನು. ಫಿಸಿಯೋಥೆರಪಿಸ್ಟ್ ಅದನ್ನು ಕೈಯಿಂದ ಪರೀಕ್ಷಿಸಿ ಹೇಳಬಲ್ಲರು. ನಿಮ್ಮ ಒಪ್ಪಿಗೆ ಕೇಳಿಯೇ ಮುಟ್ಟಬೇಕು, ಮಹಿಳೆಯೇ ಬೇಕೆಂದು ನೀವು ಕೇಳಬಹುದು. ಮೂತ್ರದಲ್ಲಿ ರಕ್ತ, ಉರಿ, ಕೆಳಗೆ ಗಡ್ಡೆಯಂತೆ ಏನೋ ಜಾರಿದ ಹಾಗಿದ್ದರೆ ಮೊದಲು ಡಾಕ್ಟರ ಬಳಿ ಹೋಗಿ. ಆಸ್ಪತ್ರೆಯಲ್ಲಿ ಓಪಿ (ಹೊರರೋಗಿ) ಚೀಟಿ ಬರೆಸುವಾಗ ಸಾಲಿನಲ್ಲಿ ಎಲ್ಲರೆದುರು ಬಾಯಿ ಬರದಿದ್ದರೆ ‘ಹೆಂಗಸರ ಡಾಕ್ಟರ್‌ಗೆ’ ಅಂದರೆ ಸಾಕು, ಮಿಕ್ಕದ್ದನ್ನು ಒಳಗೆ ಹೋಗಿ ಹೇಳಿ.